ಬೇಸರದ ಊರಲ್ಲೇ ಮೊದಲ ಸಿನಿಮಾ ತೆಗೆಯೋದು ಹೇಗೆ

‘ನಮ್ಮೂರಲ್ಲಿ ಏನಿದೆ ಅಂತ ಸಿನಿಮಾ ತೆಗೀಲಿ’ ಅನ್ನೋರು ಮೊದಲು ಚೀನಾದ ನಿರ್ದೇಶಕ ಜಿಯಾ ಝಾಂಗ್‌ಕೆಯ ‘ಶಿಯಾವ್ ವೂ’ ಸಿನಿಮಾ ನೋಡಿ. ಈತ ಹುಟ್ಟಿದ್ದು 1970ರಲ್ಲಿ, ಫೆನ್‌ಯಾಂಗ್‌ನಲ್ಲಿ. ಕಲ್ಲಿದ್ದಲಿನ ಶಾನ್ಷಿ ಪ್ರಾಂತ್ಯದ ಸಣ್ಣ ಊರು, ಪ್ರವಾಸಿಗರು ಹುಡುಕಿಕೊಂಡು ಬರುವಂಥದ್ದಲ್ಲ.

ಕತೆ ಆಮೇಲೆ. ಊರಲ್ಲಿ ಈಗ ಏನು ಇಲ್ಲವಾಗುತ್ತಿದೆ ಅಂತ ಮೊದಲು ಸುತ್ತಿ ನೋಡಿ. ಬೀಜಿಂಗ್‌ನಲ್ಲಿ ಸಿನಿಮಾ ಓದುತ್ತಿದ್ದ ಈತ ಊರಿಗೆ ಬಂದಾಗ ತನಗೆ ಗೊತ್ತಿದ್ದ ಹಳೇ ಬೀದಿಯನ್ನೇ ಕೆಡವಲು ಹೊರಟಿದ್ದರು. ತಡಮಾಡಲಿಲ್ಲ. 1997ರಲ್ಲಿ 16 ಎಂ.ಎಂ. ಕ್ಯಾಮೆರಾದಲ್ಲಿ ಒಬ್ಬ ಜೇಬುಗಳ್ಳನ ಕತೆ ಚಿತ್ರೀಕರಿಸಿದ, ಅದೇ ‘ಶಿಯಾವ್ ವೂ’. ಬೀದಿ ಹೋದ ಮೇಲೆ ಸೆಟ್ ಹಾಕಬೇಕಾಗುತ್ತೆ, ಅಷ್ಟು ದುಡ್ಡು ನಮ್ಮಂಥವರ ಹತ್ತಿರ ಇರಲ್ಲ ಅಲ್ವಾ?

ಪಾತ್ರಕ್ಕೆ ನೆಂಟರನ್ನೂ ನೋಡಿ, ಆದರೆ ಅವರಿಂದ ನಟನೆ ಮಾಡಿಸಬೇಡಿ. ಜಿಯಾನ ಸಂಬಂಧಿ ಹಾನ್ ಸಾನ್‌ಮಿಂಗ್ ಆಗ ನಿಜಕ್ಕೂ ಗಣಿ ಕೂಲಿಯಾಗಿದ್ದ. ಜಿಯಾನ ‘ಪ್ಲಾಟ್‌ಫಾರ್ಮ್’ (2000) ಸಿನಿಮಾದಲ್ಲೂ ಅವನ ಪಾತ್ರ ಗಣಿ ಕೂಲಿಯೇ. ಸತ್ತರೆ ಗಣಿಯವರು ಹೊಣೆಯಲ್ಲ ಅನ್ನೋ ಕರಾರನ್ನು ಅವನಿಗೆ ಓದಲು ಬರಲ್ಲ, ಬೇರೆಯವರು ಓದಿ ಹೇಳುತ್ತಾರೆ. ಆಮೇಲೆ ತಂಗಿಗೆ ಕೊಡಿ ಅಂತ 5 ಯುವಾನ್ ಕೊಟ್ಟು ನಡೆದುಬಿಡುತ್ತಾನೆ, ಅಷ್ಟೇ. ಅಳು ಇಲ್ಲ, ಹಿನ್ನೆಲೆ ಪಿಟೀಲೂ ಇಲ್ಲ. ನನ್ನ ಲೆಕ್ಕದಲ್ಲಿ ಇಡೀ ಸಿನಿಮಾದ ತೂಕ ಇರೋದು ಅಲ್ಲೇ.

ಮಾತು ನಿಮ್ಮೂರಿನದೇ ಇರಲಿ, ಬೇರೆ ಕಡೆಯವರಿಗೆ ಸಬ್‌ಟೈಟಲ್ ಹಾಕಿದರಾಯಿತು. ಶೂಟಿಂಗ್ ನೋಡಲು ಜನ ಮುತ್ತಿಕೊಂಡರೆ ಓಡಿಸಬೇಡಿ. ‘ಶಿಯಾವ್ ವೂ’ ಕೊನೆಯಲ್ಲಿ ಪೊಲೀಸರು ಕಳ್ಳನನ್ನು ಬೀದಿಯಲ್ಲೇ ಬೇಡಿ ಹಾಕಿ ಬಿಟ್ಟು ಹೋಗುತ್ತಾರೆ, ದಾರಿಹೋಕರು ಸುತ್ತ ನಿಂತು ಪಿಳಿಪಿಳಿ ನೋಡುತ್ತಾರೆ, ಕ್ಯಾಮೆರಾ ಅವರ ಕಡೆಗೇ ತಿರುಗುತ್ತೆ. ಅವರ್ಯಾರೂ ಸಂಬಳದ ನಟರಲ್ಲ.

ಶಬ್ದಕ್ಕೆ ಜಾಸ್ತಿ ಸಮಯ ಕೊಡಿ. ಲೌಡ್‌ಸ್ಪೀಕರ್ ಪ್ರಕಟಣೆ, ವಾಹನಗಳ ಗದ್ದಲ, ಎಲ್ಲಿಂದಲೋ ಬರುವ ಸಿನಿಮಾ ಹಾಡು, ಇವನ್ನು ಶೂಟಿಂಗ್ ಇಲ್ಲದ ದಿನ ಬೇರೆಯಾಗಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಊರು ಬೇಸರ ಅನ್ನಿಸಬೇಕು ಅಂತ ಸುಮ್ನೆ ಮೌನ ತುಂಬಬೇಡಿ, ಬೇಸರದ ಊರುಗಳಲ್ಲಿ ಗಲಾಟೆ ಕಮ್ಮಿ ಇರಲ್ಲ.

ಎಲ್ಲಿ ತೋರಿಸ್ತೀರಿ ಅನ್ನೋದನ್ನು ಶೂಟಿಂಗ್‌ಗೆ ಮುಂಚೆಯೇ ಯೋಚಿಸಿ. ಜಿಯಾ ‘ಶಿಯಾವ್ ವೂ’ ಅನ್ನು ಸರ್ಕಾರದ ಅನುಮತಿ ಇಲ್ಲದೇ ತೆಗೆದ, ಸಿನಿಮಾ 1998ರಲ್ಲಿ ಬರ್ಲಿನ್ ಉತ್ಸವಕ್ಕೆ ಹೋಯಿತು, ಚೀನಾದ ಥಿಯೇಟರುಗಳಿಗೆ ಮಾತ್ರ ಬರಲಿಲ್ಲ. ಅನುಮತಿಯೊಂದಿಗೆ ತೆಗೆದ ಈತನ ಮೊದಲ ಚಿತ್ರ ‘ದಿ ವರ್ಲ್ಡ್’, 2004ರದ್ದು.