ಮದುವೆ ಬ್ಯಾಂಡಿಗೆ ಹಳೆಯ ಜಾಝ್ ಪಾಠ ಕೂರಿಸುವ ಬಗೆ

ಮಂಗಳೂರು, ಉಡುಪಿ ಕಡೆಯ ಮದುವೆಗೋ ಚರ್ಚ್ ಹಬ್ಬಕ್ಕೋ ಬರುವ ಬ್ರಾಸ್ ಬ್ಯಾಂಡಿನಲ್ಲಿ ಹಳೆಯ ಜಾಝ್‌ಗೆ ಬೇಕಾದ ವಾದ್ಯಗಳು ಬಹುತೇಕ ಇವೆ. ಕಷ್ಟವಿರುವುದು ರೂಢಿಯಲ್ಲಿ. ಮೆರವಣಿಗೆಯಲ್ಲಿ ಎಲ್ಲರೂ ಒಂದೇ ರಾಗವನ್ನು ಜೋರಾಗಿ ಊದುತ್ತಾರೆ. ಹಳೆಯ ಜಾಝ್‌ನ ತವರಾದ ಅಮೆರಿಕದ ನ್ಯೂ ಆರ್ಲಿಯನ್ಸ್ ಶೈಲಿಯಲ್ಲಿ ಟ್ರಂಪೆಟ್, ಕ್ಲಾರಿನೆಟ್, ಟ್ರೊಂಬೋನ್ ಮೂವರು ಒಂದೇ ಹೊತ್ತಿಗೆ ಮೂರು ದಾರಿ ಹಿಡಿಯಬೇಕು.

ಆರು ಜನ ಸಾಕು: ಟ್ರಂಪೆಟ್, ಕ್ಲಾರಿನೆಟ್, ಟ್ರೊಂಬೋನ್, ಬ್ಯಾಂಜೋ, ಟ್ಯೂಬಾ, ಡ್ರಮ್ಸ್. ಟ್ಯೂಬಾ ಸಿಗದಿದ್ದರೆ ಬೇಸ್ ಗಿಟಾರ್ ಆದೀತು, ಆದರೆ ತಂತಿಗಳ ಬುಡಕ್ಕೆ ಸ್ಪಂಜಿನ ತುಂಡು ಸಿಕ್ಕಿಸಿ. ಇಲ್ಲದಿದ್ದರೆ ಸ್ವರ ಎಳೆದು ಮುಂದಿನ ಬೀಟಿನ ಮೇಲೆ ಬೀಳುತ್ತದೆ. ಬ್ಯಾಂಜೋ ಕೊಳ್ಳುವಾಗ ಎಚ್ಚರ: ನಮ್ಮಲ್ಲಿ ಆ ಹೆಸರಿಗೆ ಕೀಲಿ ಒತ್ತಿ ನುಡಿಸುವ ಬುಲ್‌ಬುಲ್ ತರಂಗ್ ತೋರಿಸುವವರೂ ಇದ್ದಾರೆ. ಬೇಕಾದದ್ದು ನಾಲ್ಕು ತಂತಿಯ ಟೆನರ್ ಬ್ಯಾಂಜೋ. ಶ್ರುತಿ ಸಿ, ಜಿ, ಡಿ, ಎ. ಮ್ಯಾಂಡೊಲಿನ್ ಬಲ್ಲವರಿಗೆ ಬೆರಳಿನ ವರಸೆ ಅದೇ, ಶ್ರುತಿ ಮಾತ್ರ ಕೆಳಗೆ. ಚರ್ಮದ ಹೊದಿಕೆಯದ್ದು ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಸಡಿಲವಾಗಿ ನಾದ ಸತ್ತುಹೋಗುತ್ತದೆ. ಪ್ಲಾಸ್ಟಿಕ್ ಹೊದಿಕೆ ತಾಳುತ್ತದೆ.

ಕದ್ರಿ ಗೋಪಾಲನಾಥರ ಊರಿನಲ್ಲಿ ಸ್ಯಾಕ್ಸೊಫೋನ್ ಬಿಡುವುದಾದರೂ ಹೇಗೆ? ಸೇರಿಸಿಕೊಳ್ಳಿ. ಆದರೆ ಆಲ್ಟೊ ಸ್ಯಾಕ್ಸ್ ಟ್ರಂಪೆಟ್ಟಿನ ಎತ್ತರದಲ್ಲೇ ನುಡಿಯುವುದರಿಂದ ರಾಗ ಮಸುಕಾಗುತ್ತದೆ. ಎಲ್ಲರೂ ಕೂಡಿ ನುಡಿಸುವಾಗ ಅದು ಮೆಲ್ಲಗೆ ಉದ್ದ ಸ್ವರ ಹಿಡಿಯಲಿ, ತನ್ನ ಸರದಿ ಬಂದಾಗ ಮುಂದೆ ಬರಲಿ. ಗಮಕ ಬಲ್ಲವರಿಗೆ ಇಲ್ಲಿ ದೊಡ್ಡ ಅನುಕೂಲವಿದೆ: ಹಳೆಯ ಜಾಝ್‌ನ ತಳಹದಿಯಾದ ಬ್ಲೂಸಿನ ಜೀವಾಳವೇ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಜಾರುವ ಸ್ವರ.

ಮೊದಲ ಪಾಠಕ್ಕೆ ಬಿ ಫ್ಲ್ಯಾಟ್‌ನಲ್ಲಿ 12 ಬಾರ್‌ಗಳ (ಬಾರ್ ಎಂದರೆ ನಾಲ್ಕು ಬೀಟಿನ ಅಳತೆ) ಬ್ಲೂಸ್ ತೆಗೆದುಕೊಳ್ಳಿ. ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು, ಹೀಗೆ: 4 ಬಾರ್ ಬಿ ಫ್ಲ್ಯಾಟ್, 2 ಇ ಫ್ಲ್ಯಾಟ್, 2 ಬಿ ಫ್ಲ್ಯಾಟ್, 2 ಎಫ್ ಸೆವೆನ್, 2 ಬಿ ಫ್ಲ್ಯಾಟ್. ಬರೆದ ಸ್ವರಕ್ಕಿಂತ ಬೇರೆ ಸ್ವರ ಹೊಮ್ಮಿಸುವ ವಾದ್ಯಗಳಾದ್ದರಿಂದ ಟ್ರಂಪೆಟ್ ಮತ್ತು ಕ್ಲಾರಿನೆಟ್‌ನವರ ಹಾಳೆಯಲ್ಲಿ ಇದು ಸಿ, ಆಲ್ಟೊ ಸ್ಯಾಕ್ಸಿಗೆ ಜಿ. ಹಾಳೆ ಬರೆಯುವಾಗಲೇ ಇದನ್ನು ಸರಿಮಾಡದಿದ್ದರೆ ಅರ್ಧ ರಿಹರ್ಸಲ್ ಜಗಳದಲ್ಲೇ ಮುಗಿಯುತ್ತದೆ.

ಊದುವವರನ್ನು ಕೂರಿಸಿ, ಟ್ಯೂಬಾ ಮತ್ತು ಬ್ಯಾಂಜೋ ಮಾತ್ರ ಈ 12 ಬಾರ್‌ಗಳನ್ನು ಹತ್ತು ಸುತ್ತು ನುಡಿಸಲಿ. ಟ್ಯೂಬಾ 1 ಮತ್ತು 3ನೇ ಬೀಟಿಗೆ ಆಯಾ ಕಾರ್ಡಿನ ಷಡ್ಜ, ಪಂಚಮ. ಬ್ಯಾಂಜೋ ನಾಲ್ಕೂ ಬೀಟಿಗೆ ಚಿಕ್ಕದಾಗಿ ಕತ್ತರಿಸಿದ ಕಾರ್ಡ್. ಲಯ ಓಡದೆ ನಿಂತ ಮೇಲೆ ಟ್ರಂಪೆಟ್ ರಾಗ ಹಿಡಿಯಲಿ, ಸಾದಾ, ನಡುವಣ ಎತ್ತರದಲ್ಲಿ, ಸಾಲುಗಳ ಮಧ್ಯೆ ಉಸಿರಿನ ಜಾಗ ಬಿಟ್ಟು. ಆ ಜಾಗವೇ ಉಳಿದಿಬ್ಬರ ಸಂಪಾದನೆ.

ಟ್ರೊಂಬೋನಿನ ಕೆಲಸ ಕಾರ್ಡ್ ಬದಲಾಗುವ ಕಡೆ ಸೇತುವೆ ಕಟ್ಟುವುದು. 4ನೇ ಬಾರ್‌ನ ಕೊನೆಗೆ ಎ ಫ್ಲ್ಯಾಟ್, 5ರ ಆರಂಭಕ್ಕೆ ಜಿ. ಸ್ಲೈಡ್ (ಜಾರುಕೊಳವೆ) 3ನೇ ಪೊಸಿಷನ್ನಿಂದ 4ಕ್ಕೆ, ಹಾಗಾಗಿ ಜಾರಿಸಲೂಬಹುದು. 10ರ ಕೊನೆಗೆ ಇ ಫ್ಲ್ಯಾಟ್, 11ಕ್ಕೆ ಡಿ. ಇಷ್ಟು ಎರಡು ಕಡೆ ಸರಿಯಾಗಿ ಬಿದ್ದರೆ ಇಡೀ ಬ್ಯಾಂಡಿನ ಬಣ್ಣ ಬದಲಾಗುತ್ತದೆ. ಕ್ಲಾರಿನೆಟ್ ಕೊನೆಗೆ ಸೇರಲಿ: ಟ್ರಂಪೆಟ್ಟಿಗಿಂತ ಮೇಲೆ, ಅದು ಸ್ವರ ಹಿಡಿದು ನಿಂತಾಗ ಓಡುತ್ತ, ಅದು ಓಡುವಾಗ ನಿಧಾನಿಸುತ್ತ. ಸಾಮಾನ್ಯ ತಪ್ಪೆಂದರೆ ಕ್ಲಾರಿನೆಟ್ ಕೆಳಗಿಳಿದು ರಾಗವನ್ನೇ ನುಡಿಸುವುದು. ಕೂಡಲೇ ಮೆರವಣಿಗೆಯ ಸದ್ದು ವಾಪಸ್.

ಜಾಝ್‌ನ ತೂಗುವ ನಡೆ (ಸ್ವಿಂಗ್) ಹೇಳಿಕೊಡಲು ಬೀಟನ್ನು ಮೂರಾಗಿ ಒಡೆಯುವ ತಿಸ್ರ ಬಳಸಿ. ‘ತಕಿಟ’ದಲ್ಲಿ ‘ತಕಿ’ ಒಂದೇ ಸ್ವರವಾಗಿ ಹಿಡಿದು ‘ಟ’ಕ್ಕೆ ಇನ್ನೊಂದು. ಆದರೆ ವೇಗ ಹೆಚ್ಚಿದಂತೆ ಎರಡೂ ಬಹುತೇಕ ಸಮವಾಗಬೇಕು, ಇಲ್ಲವಾದರೆ ಕುಂಟುತ್ತದೆ.

ಹಳೆಯ ರೆಕಾರ್ಡ್ ಕೇಳಿ ಕಲಿಯಿರಿ, ಆದರೆ ಅಚ್ಚೊತ್ತಿದಂತೆ ನಕಲು ಬೇಡ. ನ್ಯೂ ಆರ್ಲಿಯನ್ಸ್ ಶೈಲಿಯ ಕಾರ್ನೆಟ್ ವಾದಕ ಕಿಂಗ್ ಆಲಿವರ್ ಅವರ ತಂಡ 1923ರಲ್ಲಿ ಅಮೆರಿಕದ ಇಂಡಿಯಾನಾದ ರಿಚ್ಮಂಡ್‌ನಲ್ಲಿ ಧ್ವನಿಮುದ್ರಿಸಿದಾಗ ಮೈಕ್ ಇರಲಿಲ್ಲ, ಎಲ್ಲರೂ ಕಹಳೆಯಂಥ ಕೊಳವೆಯೆದುರು ನುಡಿಸಿದರು. ಬೇಸ್ ಡ್ರಮ್ಮಿನ ಹೊಡೆತ ಆ ಯಂತ್ರಕ್ಕೆ ಒಗ್ಗದು. ತಂಡದ ಡ್ರಮ್ ವಾದಕ ಬೇಬಿ ಡಾಡ್ಸ್ ಮರದ ಬ್ಲಾಕ್ ತಟ್ಟಿದ್ದು ಅದಕ್ಕೇ. ಹತ್ತಿಂಚಿನ ತಟ್ಟೆಗೆ ಮೂರು ನಿಮಿಷವೇ ಮಿತಿ. ವೇದಿಕೆಯಲ್ಲಿ ನಿಮಗೆ ಆ ಕಟ್ಟುಪಾಡಿಲ್ಲ: ಬೇಸ್ ಡ್ರಮ್ ಮೆಲ್ಲಗೆ ಇರಲಿ, ಸುತ್ತುಗಳು ಹೆಚ್ಚಲಿ. ರೆಕಾರ್ಡಿನ ಶ್ರುತಿ ಎರಡು ಸ್ವರಗಳ ನಡುವೆ ಸಿಕ್ಕಿಕೊಂಡಂತೆ ಕೇಳಿದರೆ ತಟ್ಟೆಯ ವೇಗ ಹೆಚ್ಚುಕಡಿಮೆಯಾಗಿದೆ ಎಂದುಕೊಳ್ಳಿ. ಊದುವವರಿಗೆ ಸಲೀಸಾದ ಹತ್ತಿರದ ಬಿ ಫ್ಲ್ಯಾಟ್, ಇ ಫ್ಲ್ಯಾಟ್ ಅಥವಾ ಎಫ್ ಆರಿಸಿ.

ಕಾರ್ಯಕ್ರಮಕ್ಕೆ ಹತ್ತು ಹಾಡು, ತಲಾ ನಾಲ್ಕು ನಿಮಿಷ. ಟ್ರಂಪೆಟ್ಟಿನವರ ತುಟಿ ಸೋಲದಂತೆ ಮೂರನೇ ಹಾಡಿನಿಂದಲೇ ಒಂದೆರಡು ಸುತ್ತು ಕ್ಲಾರಿನೆಟ್ ಮತ್ತು ಬ್ಯಾಂಜೋಗೆ ಬಿಟ್ಟುಕೊಡಿ. ಟ್ರೊಂಬೋನ್ ಸಾಲಿನ ತುದಿಯಲ್ಲಿ ನಿಲ್ಲಲಿ, ಸ್ಲೈಡಿಗೆ ಮುಂದೆ ಒಂದು ಮೀಟರ್ ಜಾಗ ಬೇಕು. ಸೆಕೆಗೆ ಊದುವ ವಾದ್ಯಗಳ ಶ್ರುತಿ ಏರುತ್ತದೆ; ಐದು ನಿಮಿಷ ಊದಿ ಬೆಚ್ಚಗಾದ ಮೇಲೆಯೇ ಟ್ರಂಪೆಟ್ಟಿನ ಟ್ಯೂನಿಂಗ್ ಸ್ಲೈಡ್ ಎಳೆದು ಸರಿಮಾಡಿ. ಪಣಂಬೂರು, ಮಲ್ಪೆಯ ಕಡಲ ಬದಿಯಲ್ಲಾದರೆ ಹಾಳೆಗಳಿಗೆ ಬಟ್ಟೆ ಕ್ಲಿಪ್ ಹಾಕಿ, ಅದೇ ರಾತ್ರಿ ವಾಲ್ವ್ ಒರೆಸಿ ಎಣ್ಣೆ ಬಿಡಿ. ಕಾರ್ಯಕ್ರಮವನ್ನು ರಾತ್ರಿ 10ರೊಳಗೆ ಮುಗಿಸಬೇಕು.

ಹಕ್ಕುಗಳ ವಿಷಯ: ಭಾರತದಲ್ಲಿ ಸಂಯೋಜಕ ತೀರಿಕೊಂಡ ಬಳಿಕ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಹಳೆಯ ಜಾಝ್‌ನ ಪಿಯಾನೋ ವಾದಕ, ಸಂಯೋಜಕ ಜೆಲ್ಲಿ ರೋಲ್ ಮಾರ್ಟನ್ 1941ರಲ್ಲಿ ತೀರಿಕೊಂಡರು, ಅವರೊಬ್ಬರೇ ಕಟ್ಟಿದ ರಚನೆಗಳಿಗೆ ತೊಡಕಿಲ್ಲ. ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ 1971ರಲ್ಲಿ ತೀರಿಕೊಂಡದ್ದರಿಂದ ಅವರ ರಚನೆಗಳನ್ನು ಟಿಕೆಟಿಟ್ಟು ನುಡಿಸಲು 2031ರ ಕೊನೆಯವರೆಗೆ ಪರವಾನಗಿ ಬೇಕು.