ಕ್ಯಾಂಪರ್ ಹೊರಲು ತಕ್ಕ ಪಿಕಪ್: ಮಿತವಾದ ಹಣದಲ್ಲಿ ನಾನು ಆರಿಸಿಕೊಂಡ ಬಗೆ

ಕ್ಯಾಂಪರ್ ಎಂದರೆ ಪಿಕಪ್ಪಿನ ಹಿಂದೆ ಸರಕು ತುಂಬುವ ತೊಟ್ಟಿಯಲ್ಲಿ ಕೂರಿಸಿಕೊಂಡು ಹೋಗುವ, ಪ್ರಯಾಣದಲ್ಲಿ ಉಳಿದುಕೊಳ್ಳುವ ಪುಟ್ಟ ಕೋಣೆ. ಅದನ್ನು ಹೊರಲು ಪಿಕಪ್ ಬೇಕೆನ್ನುವವರಲ್ಲಿ ಬಹಳ ಮಂದಿ ಮೊದಲು ಮನಸ್ಸಿಗೆ ಹಿಡಿಸಿದ ಗಾಡಿಯನ್ನು ಕೊಂಡು, ಅದು ಎಷ್ಟು ಹೊರಬಲ್ಲದು ಎಂಬ ಲೆಕ್ಕಕ್ಕೆ ಆಮೇಲೆ ಕೈಹಾಕುತ್ತಾರೆ. ಹಣ ಮಿತವಾಗಿರುವಾಗ ಈ ಕ್ರಮ ಸಲ್ಲದು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಾನು ಮೊದಲು ಕ್ಯಾಂಪರನ್ನು ನಿರ್ಧರಿಸಿ, ಅದು ಪ್ರಯಾಣಕ್ಕೆ ಪೂರ್ಣವಾಗಿ ಸಜ್ಜಾದಾಗ ಎಷ್ಟು ತೂಗುತ್ತದೆ ಎಂದು ಬರೆದಿಟ್ಟುಕೊಂಡು, ಆ ಅಂಕಿಯನ್ನು ಕೈಯಲ್ಲಿ ಹಿಡಿದೇ ಗಾಡಿ ಹುಡುಕಲು ಹೊರಟೆ.

ನಾನು ಒಪ್ಪಿಕೊಂಡದ್ದು ಚಾವಣಿಯನ್ನು ಮೇಲೆತ್ತಿ ಬಳಸುವ, ಇಳಿಸಿದಾಗ ತಗ್ಗಾಗಿ ಕೂರುವ ಕ್ಯಾಂಪರ್. ತಯಾರಕರ ಪಟ್ಟಿಯಲ್ಲಿ ಅದರ ತೂಕ 680 ಕೆಜಿ ಎಂದಿತ್ತು. ಆದರೆ ಇಂಥ ಪಟ್ಟಿಗಳಲ್ಲಿ ಕೊಡುವುದು ಸಾಮಾನ್ಯವಾಗಿ ಒಣ ತೂಕ; ನೀರು, ಗ್ಯಾಸ್, ಐಚ್ಛಿಕ ಸಲಕರಣೆ ಯಾವುದೂ ಅದರಲ್ಲಿ ಸೇರಿರುವುದಿಲ್ಲ. ಸೌರಫಲಕ, ಬ್ಯಾಟರಿ, ನೆರಳಿನ ಚಪ್ಪರ, ಫ್ರಿಜ್ ಇವುಗಳಿಗೆ 110 ಕೆಜಿ. ನೂರು ಲೀಟರ್ ನೀರಿಗೆ 100 ಕೆಜಿ. ಸಿಲಿಂಡರಿನ ಸಮೇತ ಗ್ಯಾಸಿಗೆ 35 ಕೆಜಿ. ಬಿಗಿದು ಕಟ್ಟುವ ಉಕ್ಕಿನ ಚೌಕಟ್ಟಿಗೆ 20 ಕೆಜಿ. ಹಾಸಿಗೆ, ಪಾತ್ರೆ, ದಿನಸಿ, ಉಪಕರಣಗಳಿಗೆ 150 ಕೆಜಿ. ಇಬ್ಬರು ಪ್ರಯಾಣಿಕರಿಗೆ 140 ಕೆಜಿ. ಹೀಗೆ ಕೂಡಿಸುತ್ತ ಹೋದಾಗ 680 ಎಂದು ಆರಂಭವಾದದ್ದು 1,235 ಕೆಜಿಗೆ ಬಂದು ನಿಂತಿತು. ಇಂಥ ಲೆಕ್ಕದಲ್ಲಿ ಮರೆತುಹೋಗುವ ವಸ್ತುಗಳು ಇದ್ದೇ ಇರುವುದರಿಂದ, ಮೇಲೆ ಇನ್ನಷ್ಟು ಅವಕಾಶ ಇಟ್ಟುಕೊಂಡು 1,450 ಕೆಜಿಗಿಂತ ಕಡಿಮೆ ಹೊರುವ ಯಾವ ಗಾಡಿಯನ್ನೂ ನೋಡಲು ಹೋಗುವುದಿಲ್ಲ ಎಂದು ನಿಶ್ಚಯಿಸಿದೆ.

ಮಾರುವವರು ಹೆಮ್ಮೆಯಿಂದ ಹೇಳುವುದು ಬಹುಪಾಲು ಗಾಡಿ ಎಳೆಯಬಲ್ಲ ತೂಕವನ್ನು. ಅದು ಟ್ರೇಲರ್ ಕಟ್ಟುವವರಿಗೆ ಬೇಕಾದ ಅಂಕಿ. ನಮಗೆ ಅದರಿಂದ ಏನೂ ತಿಳಿಯುವುದಿಲ್ಲ. ಬಂಡಿ ಎಳೆಯುವ ಎತ್ತಿನ ಬಲವೇ ಬೇರೆ, ಬೆನ್ನ ಮೇಲೆ ಹೇರು ಹೊರುವ ಎತ್ತಿನ ಬಲವೇ ಬೇರೆ. ಅರ್ಧ ಟನ್, ಮುಕ್ಕಾಲು ಟನ್, ಒಂದು ಟನ್ ಎಂದು ಪಿಕಪ್‌ಗಳನ್ನು ವಿಂಗಡಿಸುವ ರೂಢಿಯೂ ಈಗ ಹೆಸರಿಗಷ್ಟೇ ಉಳಿದಿದೆ. ಆ ಹೆಸರುಗಳಿಗೂ ಗಾಡಿಗಳ ಇಂದಿನ ನಿಜವಾದ ಸಾಮರ್ಥ್ಯಕ್ಕೂ ತಾಳೆಯಾಗುವುದಿಲ್ಲ. ಒಂದೇ ಮಾದರಿಯ, ಒಂದೇ ವರ್ಷದ ಎರಡು ಗಾಡಿಗಳ ನಡುವೆಯೂ ಹೊರುವ ಸಾಮರ್ಥ್ಯದಲ್ಲಿ ನೂರಾರು ಕೆಜಿ ವ್ಯತ್ಯಾಸ ಇರಬಹುದಾದ್ದರಿಂದ, ನಾನು ಮಾದರಿಯ ಹೆಸರನ್ನು ನಂಬದೆ ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯನ್ನೇ ಓದುತ್ತಿದ್ದೆ. ಗಾಡಿಯ ಒಟ್ಟು ತೂಕದ ಮಿತಿ, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ಪ್ರತ್ಯೇಕ ಮಿತಿ, ಟೈರಿನ ಅಳತೆ, ಅದರಲ್ಲಿರಬೇಕಾದ ಗಾಳಿಯ ಒತ್ತಡ ಇವೆಲ್ಲ ಸಾಮಾನ್ಯವಾಗಿ ಅಲ್ಲಿರುತ್ತವೆ.

ಈ ಹುಡುಕಾಟದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಸಂಗತಿ ಒಂದಿದೆ: ಕ್ಯಾಂಪರ್ ಹೊರುವವರ ವಿಷಯದಲ್ಲಿ ಕಡಿಮೆ ಹಣ ಒಂದು ಅಡ್ಡಿಯೇ ಅಲ್ಲ. ಒಟ್ಟು ತೂಕದ ಮಿತಿ ನಿಗದಿಯಾಗಿರುವಾಗ, ಗಾಡಿಗೆ ಸೇರಿಸಿದ ಪ್ರತಿಯೊಂದು ಸೌಕರ್ಯವೂ ತನ್ನ ತೂಕದಷ್ಟು ಹೊರೆಯನ್ನು ಕಸಿದುಕೊಳ್ಳುತ್ತದೆ. ನಾಲ್ಕು ಬಾಗಿಲಿನ ಕ್ಯಾಬಿನ್, ಚಾವಣಿಯ ಗಾಜು, ವಿದ್ಯುತ್ತಿನಿಂದ ಸರಿಯುವ ಚರ್ಮದ ಆಸನ, ನಾಲ್ಕು ಚಕ್ರದ ಚಾಲನೆ ಇವೆಲ್ಲ ಬೆಲೆಯನ್ನು ಏರಿಸುತ್ತವೆ, ಸಾಮರ್ಥ್ಯವನ್ನು ಇಳಿಸುತ್ತವೆ. ದೊಡ್ಡ ಪಿಕಪ್‌ಗಳಲ್ಲಿ ಡೀಸೆಲ್ ಎಂಜಿನ್ ಪೆಟ್ರೋಲ್ ಎಂಜಿನ್ನಿಗಿಂತ ಇನ್ನೂರು ಕೆಜಿಗೂ ಮೀರಿ ಭಾರವಾಗಿರುವುದುಂಟು. ಹಳೆಯದಾದ ಮೇಲೆ ಅದರ ದುರಸ್ತಿಯೂ ದುಬಾರಿ. ಎರಡೇ ಬಾಗಿಲಿನ, ಹಿಂದಿನ ಚಕ್ರಗಳಷ್ಟೇ ಓಡಿಸುವ, ಉದ್ದ ತೊಟ್ಟಿಯ, ಕೆಲಸಕ್ಕೆಂದೇ ಮಾಡಿದ ಸಾದಾ ಪೆಟ್ರೋಲ್ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಕೇಳುವವರು ಕಡಿಮೆ, ಆದರೆ ಹೊರುವುದರಲ್ಲಿ ಅದೇ ಮುಂದು. ಕೆಸರು, ಮರಳು, ಹಿಮದ ದಾರಿಗಳಲ್ಲಿ ಹೋಗಲೇಬೇಕಾದವರ ಮಾತು ಬೇರೆ.

ತೊಟ್ಟಿಯ ಉದ್ದ ಕೇವಲ ಅನುಕೂಲದ ಪ್ರಶ್ನೆಯಲ್ಲ. ಕ್ಯಾಂಪರಿನ ಗುರುತ್ವ ಕೇಂದ್ರ ಹಿಂದಿನ ಆಕ್ಸಲ್‌ನ ನೇರಕ್ಕೆ ಅಥವಾ ಅದಕ್ಕಿಂತ ತುಸು ಮುಂದಕ್ಕೆ ಬೀಳಬೇಕು. ಬಹಳಷ್ಟು ತಯಾರಕರು ಆ ಜಾಗವನ್ನು ಕ್ಯಾಂಪರಿನ ಪಕ್ಕದಲ್ಲಿ ಗುರುತು ಮಾಡಿಯೇ ಕೊಟ್ಟಿರುತ್ತಾರೆ. 8 ಅಡಿ ತೊಟ್ಟಿಗೆಂದು ಮಾಡಿದ ಕ್ಯಾಂಪರನ್ನು ಐದೂವರೆ ಅಡಿ ತೊಟ್ಟಿಯಲ್ಲಿ ಕೂರಿಸಿದರೆ ಭಾರ ಆಕ್ಸಲ್ ದಾಟಿ ಹಿಂದಕ್ಕೆ ಸರಿದು, ಮುಂದಿನ ಚಕ್ರಗಳು ಹಗುರಾಗುತ್ತವೆ. ಸ್ಟಿಯರಿಂಗ್ ಹಿಡಿತ ತಪ್ಪುವುದು, ಬ್ರೇಕಿನ ಬಲ ಕುಗ್ಗುವುದು ಅಲ್ಲಿಂದಲೇ. ಹಿಂದೆ ನಾಲ್ಕು ಚಕ್ರಗಳಿರುವ ಗಾಡಿಯನ್ನೂ ಪರಿಶೀಲಿಸಿದೆ. ಎತ್ತರದ, ಭಾರಿ ಕ್ಯಾಂಪರಿಗೆ ಅದು ಬಹಳ ಒಳ್ಳೆಯದು. ನನ್ನ ತಗ್ಗಿನ ಕ್ಯಾಂಪರಿಗೆ ಆರು ಟೈರುಗಳ ಖರ್ಚು ಅನಗತ್ಯ ಎನಿಸಿತು.

ಗಾಡಿ ಒಪ್ಪಿಗೆಯಾದ ಮೇಲೂ ಹಣ ಕೊಡುವ ಮುನ್ನ ಅದನ್ನು ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗಿಸಬೇಕು ಎಂದು ಮಾರುವವರಲ್ಲಿ ಕೇಳಿಕೊಂಡೆ. ಟ್ಯಾಂಕ್ ತುಂಬಿಸಿ, ಎಲ್ಲರೂ ಇಳಿದು ತೂಗಿದಾಗ 2,510 ಕೆಜಿ ಬಂತು. ಹಿಂದಿನ ಮಾಲೀಕರು ಕೂರಿಸಿದ್ದ ಉಕ್ಕಿನ ಉಪಕರಣ ಪೆಟ್ಟಿಗೆಯೇ 60 ಕೆಜಿ ಇದ್ದುದರಿಂದ, ಅದನ್ನು ತೆಗೆದರೆ ಖಾಲಿ ತೂಕ 2,450. ಚೀಟಿಯಲ್ಲಿದ್ದ ಒಟ್ಟು ಮಿತಿ 3,990 ಕೆಜಿ. ಅಂದರೆ ನಿಜವಾಗಿ ಸಿಗುವ ಸಾಮರ್ಥ್ಯ 1,540. ಕಾಗದದ ಮಾತಿಗಿಂತ ಈ ಕಳೆಯುವ ಲೆಕ್ಕವೇ ನಂಬಿಕೆಗೆ ಅರ್ಹ.

ಹಳೆಯ ಗಾಡಿಯಲ್ಲಿ ಬಣ್ಣ, ಆಸನ, ಓಡಿದ ಕಿಲೋಮೀಟರ್ ಇವುಗಳಿಗಿಂತ ಅಡಿಭಾಗಕ್ಕೆ ಹೆಚ್ಚು ಸಮಯ ಕೊಟ್ಟೆ. ಚಾಸಿಯನ್ನು, ವಿಶೇಷವಾಗಿ ಹಿಂದಿನ ಸ್ಪ್ರಿಂಗ್ ಪಟ್ಟಿಗಳನ್ನು ಹಿಡಿದಿರುವ ಕೊಂಡಿಗಳ ಸುತ್ತ, ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ನೋಡಿದೆ. ಗಟ್ಟಿ ಉಕ್ಕು ಟಣ್ ಎನ್ನುತ್ತದೆ, ತುಕ್ಕು ತಿಂದ ಉಕ್ಕು ಮಂಕಾಗಿ ಸದ್ದು ಮಾಡುತ್ತ ಹಕ್ಕಳೆ ಉದುರಿಸುತ್ತದೆ. ಗೇರ್ ಬಾಕ್ಸಿನ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದ ಒಂದು ಗಾಡಿಯನ್ನು, ಬೆಲೆ ಆಕರ್ಷಕವಾಗಿದ್ದರೂ, ಬಿಟ್ಟುಬಂದೆ.

ಉಳಿಸಿದ ಹಣದ ಮೊದಲ ಪಾಲು ಟೈರಿಗೆ ಹೋಯಿತು, ಹೋಗಬೇಕಾದದ್ದೂ ಅಲ್ಲಿಗೇ. ಟೈರಿನ ಪಕ್ಕದಲ್ಲಿ ಅಳತೆಯ ಜೊತೆಗೆ ಬರೆದಿರುವ ಭಾರ ಸೂಚ್ಯಂಕ 121 ಎಂದಿದ್ದರೆ ಆ ಟೈರು 1,450 ಕೆಜಿ ಹೊರಬಲ್ಲದು, 112 ಎಂದಿದ್ದರೆ 1,120 ಕೆಜಿ ಮಾತ್ರ. ಅಲ್ಲಿಯೇ ಇರುವ ನಾಲ್ಕಂಕಿಯ ಸಂಖ್ಯೆ ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತದೆ. 2319 ಎಂದರೆ 2019ರ 23ನೇ ವಾರ. ಮೇಲ್ಮೈಯ ಗೀರುಗಳು ಎಷ್ಟೇ ಆಳವಾಗಿ ಉಳಿದಿದ್ದರೂ ಹಳೆಯ ಟೈರನ್ನು ಇಷ್ಟು ಭಾರದ ಕೆಳಗೆ ಇಡಬಾರದು. ಹಿಂದಿನ ಸ್ಪ್ರಿಂಗುಗಳಿಗೆ ಗಾಳಿಚೀಲ ಅಳವಡಿಸಿದೆ, ಆದರೆ ಅದು ಗಾಡಿಯನ್ನು ಸಮಮಟ್ಟಕ್ಕೆ ತರುವ ಸಾಧನವೇ ಹೊರತು ಮಿತಿಯನ್ನು ಹೆಚ್ಚಿಸುವ ಸಾಧನವಲ್ಲ. ಆಕ್ಸಲ್, ಬ್ರೇಕ್, ಚಾಸಿ, ಚಕ್ರ ಎಲ್ಲವೂ ಮೊದಲಿನವೇ ಆಗಿರುತ್ತವೆ. ಇದನ್ನು ಒತ್ತಿ ಹೇಳಲು ಕಾರಣ, ಸಣ್ಣ ಗಾಡಿಗೆ ಗಾಳಿಚೀಲ ಹಾಕಿದರೆ ಸಾಕೆಂದು ಧೈರ್ಯ ತುಂಬುವವರು ಬಹಳ.

ಕ್ಯಾಂಪರಿನ ಕೆಳಗೆ ರಬ್ಬರ್ ಹಾಸು ಹಾಸಿ, ಕಟ್ಟುಗಳನ್ನು ತೊಟ್ಟಿಯ ತೆಳು ತಗಡಿಗಲ್ಲದೆ ಚಾಸಿಗೇ ಬಿಗಿದ ಚೌಕಟ್ಟಿಗೆ ಎಳೆದು, ನೀರು, ದಿನಸಿ, ಜನ ಎಲ್ಲ ತುಂಬಿಕೊಂಡು ಮತ್ತೆ ತೂಗಿಸಿದೆ. ಮುಂದಿನ ಆಕ್ಸಲ್ ಮೇಲೆ 1,540, ಹಿಂದಿನದರ ಮೇಲೆ 2,180, ಒಟ್ಟು 3,720 ಕೆಜಿ ಬಂತು. ಹಿಂದಿನ ಆಕ್ಸಲ್ ಮಿತಿ 2,760, ಎರಡು ಹಿಂದಿನ ಟೈರುಗಳ ಮಿತಿ 2,900. ಖಾಲಿ ಇದ್ದಾಗಿನದಕ್ಕಿಂತ ಮುಂಭಾಗದ ತೂಕ ತಗ್ಗದೆ ತುಸು ಹೆಚ್ಚಿದ್ದುದು ಗುರುತ್ವ ಕೇಂದ್ರ ಸರಿಯಾದ ಜಾಗದಲ್ಲಿದೆ ಎಂಬುದಕ್ಕೆ ಸಾಕ್ಷಿಯಾಯಿತು. ಹಿಂಭಾಗ ತಗ್ಗಿದ್ದರಿಂದ ದೀಪಗಳ ಬೆಳಕು ಮೇಲಕ್ಕೇರಿತ್ತು. ಗಾಳಿಚೀಲದ ಒತ್ತಡ ಸರಿಪಡಿಸಿ, ದೀಪಗಳನ್ನು ಕೆಳಗೆ ತಿರುಗಿಸಿ, ಅಲ್ಪ ದೂರ ಓಡಿಸಿದ ಮೇಲೆ ಕಟ್ಟುಗಳನ್ನು ಇನ್ನೊಮ್ಮೆ ಬಿಗಿಮಾಡಿದೆ.