ಮೊದಲು ಮದರಂಗಿ, ಆಮೇಲೆ ನೀಲಿ: ಬಿಳಿ ಕೂದಲಿಗೆ ನಾನು ಕಂಡುಕೊಂಡ ದಾರಿ

2019ರ ಮೇ ತಿಂಗಳು. ಮೈದುನನ ಮದುವೆಗೆ ಇನ್ನು ಮೂರು ದಿನ ಇತ್ತು. ಅಂಗಡಿಯಿಂದ ‘ಕಪ್ಪು ಮೆಹಂದಿ’ ಎಂದು ಬರೆದ ಪ್ಯಾಕೆಟ್ ತಂದಿದ್ದೆ. ಅದರ ಮೇಲೆ ಹಸಿರು ಎಲೆಯ ಚಿತ್ರ. ಸೊಪ್ಪಿನದ್ದೇ ಅಲ್ವಾ, ಭಯ ಏನು ಎಂದುಕೊಂಡು ಸಂಜೆ ಹಚ್ಚಿಕೊಂಡೆ. ಅರ್ಧ ಗಂಟೆಯಲ್ಲಿ ಕೂದಲು ಕಾಡಿಗೆ ಬಣ್ಣಕ್ಕೆ ಬಂತು. ಮಾರನೇ ದಿನ ಕಿವಿಯ ಹಿಂದೆ ತುರಿಕೆ. ಅದರ ಮರುದಿನ ಹಣೆ ಊದಿಕೊಂಡಿತು, ರೆಪ್ಪೆ ದಪ್ಪಗಾಗಿ ಎಡಗಣ್ಣು ಬಿಡಲೇ ಆಗಲಿಲ್ಲ. ಆ ಮದುವೆಯ ಫೋಟೋಗಳಲ್ಲಿ ನಾನು ಎಲ್ಲೂ ಇಲ್ಲ.

ಚರ್ಮದ ಡಾಕ್ಟರು ಪ್ಯಾಕೆಟ್ ತರಿಸಿ ನೋಡಿದರು. ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಒಂದು ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದರು. ಪ್ಯಾರಾ ಫೆನಿಲೀನ್ ಡೈಅಮೀನ್. ಚಿಕ್ಕದಾಗಿ ಪಿಪಿಡಿ, ಕೂದಲು ಕಪ್ಪು ಮಾಡಲು ಹಾಕುವ ರಾಸಾಯನಿಕ. “ಇದು ಒಂದ್ಸಲ ಮೈಗೆ ಒಗ್ಗಲ್ಲ ಅಂತಾದ್ರೆ ಮುಂದೆಯೂ ಒಗ್ಗಲ್ಲಮ್ಮ. ಇನ್ಮೇಲೆ ಮುಟ್ಟಲೇಬೇಡಿ” ಅಂದರು.

ಆಗ ನನಗೆ 44 ವರ್ಷ. ಬೈತಲೆಯ ಎರಡೂ ಬದಿ ಮತ್ತು ಕಣತಲೆಯ ಹತ್ತಿರ ಪೂರ್ತಿ ಬೆಳ್ಳಗಾಗಿತ್ತು. ಬಿಳಿ ಕೂದಲು ಇದ್ದರೆ ಇರಲಿ ಎನ್ನುವವರನ್ನು ನಾನು ಗೌರವಿಸುತ್ತೇನೆ, ಆದರೆ ನನಗೆ ಕಪ್ಪು ಬೇಕಿತ್ತು. ಅದಕ್ಕೇ ಮನೆಯಲ್ಲೇ, ಸೊಪ್ಪಿನಿಂದಲೇ ಮಾಡುತ್ತೇನೆ ಎಂದು ಹಟ ಹಿಡಿದೆ. ಈ ವಿಷಯದಲ್ಲಿ ಸುಳ್ಳು ಭರವಸೆ ಜಾಸ್ತಿ. ಹಾಗಾಗಿ ನನಗೆ ಯಾವುದು ಫಲ ಕೊಟ್ಟಿತು, ಯಾವುದು ಕೊಡಲಿಲ್ಲ ಎರಡನ್ನೂ ಬರೆಯುತ್ತಿದ್ದೇನೆ.

ಮೊದಲು ಹಿಡಿದದ್ದು ಎಣ್ಣೆ. ನಮ್ಮ ಊರು ತೀರ್ಥಹಳ್ಳಿ ಕಡೆ. ಅಲ್ಲಿ ಗದ್ದೆಯ ಅಂಚಿನಲ್ಲಿ, ಚರಂಡಿ ಪಕ್ಕದಲ್ಲಿ ಗರುಗ ತಾನಾಗಿ ಬೆಳೆಯುತ್ತದೆ. ಪುಸ್ತಕದಲ್ಲಿ ಭೃಂಗರಾಜ ಅನ್ನುವುದು ಇದನ್ನೇ. ಗುಂಡಿಯಷ್ಟು ಚಿಕ್ಕ ಬಿಳಿ ಹೂವು, ಒರಟು ಎಲೆ. ಎಳೆ ಕಾಂಡ ಮುರಿದು ಬೆರಳಲ್ಲಿ ಹಿಚುಕಿದರೆ ರಸ ಮೊದಲು ಹಸಿರಾಗಿ ಕಂಡು ನೋಡ್ತಾ ನೋಡ್ತಾ ಕಪ್ಪಗಾಗುತ್ತದೆ. ಅಮ್ಮ ಗಿಡ ಗುರುತಿಸುವುದು ಹೀಗೆಯೇ. ಪಾರ್ಕುಗಳಲ್ಲಿ ನೆಲದ ತುಂಬ ಹಬ್ಬುವ ಹಳದಿ ಹೂವಿನ ಬಳ್ಳಿ ಬೇರೆ, ಅದನ್ನು ಗರುಗ ಎಂದು ಕಿತ್ತುಕೊಂಡು ಬರಬೇಡಿ.

ಒಂದು ಲೋಟ ಗರುಗದ ರಸ, ಎರಡು ಹಿಡಿ ಕರಿಬೇವು, ಒಂದು ಹಿಡಿ ಒಂದೆಲಗ, ಅರ್ಧ ಲೀಟರ್ ಕೊಬ್ಬರಿ ಎಣ್ಣೆ. ಸೊಪ್ಪು ನುಣ್ಣಗೆ ರುಬ್ಬಿ ಎಣ್ಣೆಗೆ ಹಾಕಿ ಸಣ್ಣ ಉರಿಯಲ್ಲಿ ಕುದಿಸಬೇಕು. ಅವಸರ ಕೂಡದು. ನೀರಿನಂಶ ಇರುವಷ್ಟು ಹೊತ್ತೂ ಎಣ್ಣೆ ಸಿಡಿಯುತ್ತಿರುತ್ತದೆ. ಸದ್ದು ನಿಂತ ಮೇಲೆ ತಳದ ಗಸಿ ಸ್ವಲ್ಪ ತೆಗೆದು ಬೆರಳಲ್ಲಿ ಬತ್ತಿಯ ಹಾಗೆ ಹೊಸೆಯಬೇಕು. ಅದನ್ನು ದೀಪಕ್ಕೆ ಹಿಡಿದಾಗ ಚಟಪಟ ಅನ್ನದೆ ಉರಿದರೆ ಹದ ಬಂತು ಎಂದು ಅರ್ಥ. ಚಟಪಟ ಅಂದರೆ ಇನ್ನೂ ನೀರಿದೆ, ಹಾಗೇ ಬಾಟಲಿಗೆ ತುಂಬಿದರೆ ಹದಿನೈದೇ ದಿನಕ್ಕೆ ಮುಗ್ಗಲು ವಾಸನೆ ಹಿಡಿಯುತ್ತದೆ.

ಎಂಟು ತಿಂಗಳು ಬಿಡದೆ ಹಚ್ಚಿದೆ. ತಲೆ ತಂಪಾಯಿತು, ಕೂದಲು ಒರಟು ಬಿಟ್ಟು ಮೆತ್ತಗಾಯಿತು. ಆದರೆ ಬಿಳಿಯಿದ್ದ ಒಂದೇ ಒಂದು ಕೂದಲೂ ಕಪ್ಪಾಗಲಿಲ್ಲ. ಎಣ್ಣೆ ಕಡು ಹಸಿರು, ಹಾಗಾಗಿ ಹಚ್ಚಿದ ದಿನ ಕೂದಲು ಸ್ವಲ್ಪ ಕಪ್ಪಗೆ ಕಾಣುವುದು ನಿಜ. ಸೀಗೆಕಾಯಿ ಹಾಕಿ ತೊಳೆದರೆ ಮತ್ತೆ ಅದೇ ಬಿಳಿ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಹೀಗೇಕೆ ಎಂದು ನನಗೆ ಮೊದಲೇ ಹೊಳೆಯಬೇಕಿತ್ತು. ನಮ್ಮ ಕಣ್ಣಿಗೆ ಕಾಣುವ ಕೂದಲಿಗೆ ಜೀವ ಇಲ್ಲ. ಚರ್ಮದ ಒಳಗೆ, ಬುಡದಲ್ಲಿ ಕೂದಲು ಹುಟ್ಟುವಾಗಲೇ ಅಲ್ಲಿನ ಜೀವಕೋಶಗಳು ಅದಕ್ಕೆ ಮೆಲನಿನ್ ಎಂಬ ಬಣ್ಣ ತುಂಬುತ್ತವೆ. ಆ ಜೀವಕೋಶಗಳು ಕೆಲಸ ನಿಲ್ಲಿಸಿದರೆ ಕೂದಲು ಬೆಳ್ಳಗೇ ಹುಟ್ಟುತ್ತದೆ. ಹೊರಬಂದ ಮೇಲೆ ಯಾವ ಎಣ್ಣೆಯೂ ಅದರೊಳಗೆ ಮೆಲನಿನ್ ತುಂಬಲಾರದು. ಈರುಳ್ಳಿ ರಸವನ್ನೂ ಮೂರು ತಿಂಗಳು ಹಚ್ಚಿ ನೋಡಿದೆ. ಮನೆಯೆಲ್ಲ ವಾಸನೆ ಬಂತು, ಬಣ್ಣ ಬರಲಿಲ್ಲ. ಈಗಲೂ ಎಣ್ಣೆ ಕಾಯಿಸುತ್ತೇನೆ. ಕೂದಲು ಚೆನ್ನಾಗಿರಲಿ ಎಂದು ಮಾತ್ರ.

ಸರಿ, ಒಳಗಿಂದ ಆಗದಿದ್ದರೆ ಹೊರಗಿಂದ ಬಣ್ಣ ಹಾಕೋಣ ಎಂದು ಮದರಂಗಿಗೆ ಬಂದೆ. ನೀವು ಗೋರಂಟಿ ಅನ್ನಬಹುದು, ಮೆಹಂದಿ ಅನ್ನಬಹುದು. ಎಲೆಯಲ್ಲಿರುವ ಲಾಸೋನ್ ಎಂಬ ಬಣ್ಣ ಕೂದಲಿನ ಪ್ರೋಟೀನಿಗೇ ಹೋಗಿ ಹಿಡಿದುಕೊಳ್ಳುತ್ತದೆ. ಅದಕ್ಕೇ ಅದು ಬೇಗ ತೊಳೆದು ಹೋಗುವುದಿಲ್ಲ. ಮೊದಲ ಸಲ ಬರೀ ಮದರಂಗಿ ಹಚ್ಚಿ ತೊಳೆದೆ. ಬಿಳಿ ಇದ್ದಲ್ಲೆಲ್ಲ ಕಿತ್ತಳೆ ಬಣ್ಣ. ಊರಿನಿಂದ ಬಂದಿದ್ದ ಅಮ್ಮ ಬಾಗಿಲಲ್ಲೇ ನಿಂತು, “ಎಂತ ಮಾಡ್ಕಂಡ್ಯೇ ಇದು ತಲೆಗೆ?” ಅಂದಳು.

ಅವಳೇ ಕಬ್ಬಿಣದ ಬಾಣಲೆಯ ವಿದ್ಯೆ ಹೇಳಿದಳು. ಬೆಟ್ಟದ ನೆಲ್ಲಿಕಾಯಿ ಪುಡಿಯನ್ನು ಚಹಾ ಡಿಕಾಕ್ಷನ್‌ನಲ್ಲಿ ಕಲಸಿ ಕಬ್ಬಿಣದ ಬಾಣಲೆಯಲ್ಲಿ ರಾತ್ರಿಯಿಡೀ ಬಿಡುವುದು. ಬೆಳಗ್ಗೆ ನೋಡಿದರೆ ಮಸಿಯಷ್ಟು ಕಪ್ಪು. ನೆಲ್ಲಿಕಾಯಿಯ ಒಗರು ಕಬ್ಬಿಣದ ಜೊತೆ ಸೇರಿ ಕಪ್ಪಾಗುವುದು. ಹಿಂದೆ ಅಳಲೆಕಾಯಿ, ಅನ್ನಭೇದಿ ಎಂಬ ಕಬ್ಬಿಣದ ಲವಣ ಹಾಕಿ ಬರೆಯುವ ಶಾಯಿ ಮಾಡುತ್ತಿದ್ದದ್ದೂ ಇದೇ ಗುಣದಿಂದ. ಆ ಕಪ್ಪು ನೋಡಿ ನನಗೆ ತುಂಬ ಆಸೆ ಆಯಿತು. ಮದರಂಗಿಗೆ ಸೇರಿಸಿ ಹಚ್ಚಿದೆ. ಕಿತ್ತಳೆ ಹೋಗಿ ಕಂದು ಬಂತು. ಎರಡು ಸಲ ತಲೆಗೆ ಸ್ನಾನ ಮಾಡುವಷ್ಟರಲ್ಲಿ ಕಪ್ಪಿನಂಶ ಹೊರಟುಹೋಗಿ ಮತ್ತೆ ಕೆಂಪು ಕಂಡಿತು. ಕೂದಲೂ ತೆಂಗಿನ ನಾರಿನಂತೆ ಒಣಗಿತು. ಕಂದು ಬಣ್ಣವೇ ಸಾಕು ಎನ್ನುವವರಿಗೆ ಇದು ಒಗ್ಗಬಹುದು, ನನಗೆ ಒಗ್ಗಲಿಲ್ಲ.

ಕೊನೆಗೆ ಕೈ ಹಿಡಿದದ್ದು ನೀಲಿ ಸೊಪ್ಪು. ಅಂಗಡಿಯಲ್ಲಿ ಇಂಡಿಗೋ ಪುಡಿ ಎಂದು ಕೇಳಿದರೆ ಕೊಡುತ್ತಾರೆ. 1917ರಲ್ಲಿ ಗಾಂಧೀಜಿ ಚಂಪಾರಣ್ಯದ ರೈತರ ಪರ ನಿಂತರಲ್ಲ, ಅವರಿಂದ ಬಲವಂತವಾಗಿ ಬೆಳೆಸುತ್ತಿದ್ದ ನೀಲಿ ಇದೇ. ಕಿತ್ತಳೆಯ ಮೇಲೆ ನೀಲಿ ಕೂತರೆ ಕಣ್ಣಿಗೆ ಕಪ್ಪಾಗಿ ಕಾಣುತ್ತದೆ. ಗುಟ್ಟು ಇಷ್ಟೇ. ಆದರೆ ಈ ಎರಡು ಸೊಪ್ಪಿನ ಸ್ವಭಾವ ಪೂರ್ತಿ ಬೇರೆ ಬೇರೆ. ಅದು ತಿಳಿಯದೆ ನಾನು ಮೊದಲ ಪ್ಯಾಕೆಟ್ ಹಾಳು ಮಾಡಿದೆ. ಮದರಂಗಿಯ ಹಾಗೆಯೇ ನಿಂಬೆರಸ ಹಿಂಡಿ ರಾತ್ರಿಯಿಡೀ ನೆನೆಸಿಟ್ಟಿದ್ದೆ. ಬೆಳಗ್ಗೆ ಹಚ್ಚಿದರೆ ಏನೂ ಹತ್ತಲಿಲ್ಲ.

ಮದರಂಗಿಗೆ ಹುಳಿ ಬೇಕು, ಕಾಲ ಬೇಕು. ನೀಲಿಗೆ ಹುಳಿ ಬೇಡ, ಕಾಯುವುದೂ ಬೇಡ. ನೀಲಿ ಎಲೆಯಲ್ಲಿ ಬಣ್ಣ ಬಣ್ಣವಾಗಿ ಇರುವುದಿಲ್ಲ. ನೀರು ಬಿದ್ದಾಗ ಎಲೆಯಲ್ಲಿನ ವಸ್ತು ಒಡೆದು, ಆಮೇಲೆ ಗಾಳಿ ಸೋಕಿದಾಗ ನೀಲಿಯಾಗುತ್ತದೆ. ಅಷ್ಟರೊಳಗೆ ಅದು ಕೂದಲಿನ ಒಳಗೆ ಇಳಿದಿರಬೇಕು. ಬೋಗುಣಿಯಲ್ಲೇ ನೀಲಿಯಾಗಿ ಮುಗಿದರೆ ಕೂದಲಿಗೆ ಉಳಿಯುವುದು ಏನೂ ಇಲ್ಲ.

ಈಗ ನಾನು ಮಾಡುವ ಕ್ರಮ ಹೇಳುತ್ತೇನೆ. ನನ್ನದು ಭುಜದ ಉದ್ದದ ಕೂದಲು. 100 ಗ್ರಾಂ ಮದರಂಗಿ, 100 ಗ್ರಾಂ ನೀಲಿ ಸಾಕು. ಹಿಂದಿನ ದಿನ ಸೀಗೆಕಾಯಿಯಲ್ಲಿ ತಲೆ ತೊಳೆದು ಎಣ್ಣೆ ಹಚ್ಚದೆ ಬಿಡುತ್ತೇನೆ. ಜಿಡ್ಡಿದ್ದರೆ ಬಣ್ಣ ಹಿಡಿಯುವುದಿಲ್ಲ. ಅವತ್ತೇ ರಾತ್ರಿ ಮದರಂಗಿಯನ್ನು ಸ್ಟೀಲ್ ಬೋಗುಣಿಯಲ್ಲಿ ಉಗುರುಬೆಚ್ಚಗಿನ ಚಹಾ ಡಿಕಾಕ್ಷನ್, ಅರ್ಧ ನಿಂಬೆಹಣ್ಣಿನ ರಸ ಹಾಕಿ ಕಲಸಿಡುತ್ತೇನೆ. ಬೆಳಗ್ಗೆ ಮೇಲಿನ ಪದರ ಕಂದಾಗಿ, ಒಳಗೆ ಹಸಿರಾಗಿರುತ್ತದೆ. ಒಂದು ಚುಕ್ಕೆ ಅಂಗೈಗೆ ಇಟ್ಟು ಐದು ನಿಮಿಷಕ್ಕೆ ಒರೆಸಿದರೆ ಕಿತ್ತಳೆ ಗುರುತು ಬಿದ್ದಿರಬೇಕು. ಬಿದ್ದಿದ್ದರೆ ತಯಾರು.

ಕೂದಲನ್ನು ಸಣ್ಣ ಸಣ್ಣ ಭಾಗ ಮಾಡಿ ಬುಡಕ್ಕೆ ದಪ್ಪಗೆ ಹಚ್ಚುತ್ತೇನೆ. ಕೈಗವಸು ಬೇಕೇ ಬೇಕು. ಎರಡೂವರೆ ಗಂಟೆ ಬಿಟ್ಟು ಬರೀ ನೀರಲ್ಲಿ ತೊಳೆಯುತ್ತೇನೆ. ಶಾಂಪೂ ಇಲ್ಲ, ಸೀಗೆಕಾಯಿಯೂ ಇಲ್ಲ.

ಕೂದಲು ಅರೆಬರೆ ಒಣಗಿದಾಗ ನೀಲಿ ಪುಡಿ ಕಲಸುತ್ತೇನೆ. ಉಗುರುಬೆಚ್ಚಗಿನ ನೀರು, ಒಂದು ಚಿಟಿಕೆ ಉಪ್ಪು, ಅಷ್ಟೇ. ಕುದಿಯುವ ನೀರು ಹಾಕಬಾರದು. ಹದ ದೋಸೆ ಹಿಟ್ಟಿನದು. ಹಸಿ ಹುಲ್ಲಿನ ವಾಸನೆ ಬರುತ್ತದೆ. ಹತ್ತು ಹದಿನೈದು ನಿಮಿಷಕ್ಕೆ ಹಸಿರು ಹಿಟ್ಟಿನ ಮೇಲೆ ತೆಳ್ಳಗೆ ನೀಲಿ ಛಾಯೆ ಕಾಣಿಸುತ್ತದೆ. ಇನ್ನು ತಡ ಮಾಡುವ ಹಾಗಿಲ್ಲ, ಅರ್ಧ ಗಂಟೆಯೊಳಗೆ ಹಚ್ಚಿ ಮುಗಿಸಬೇಕು. ಅದಕ್ಕೇ ಆ ಹೊತ್ತಿಗೆ ಒಲೆ ಮೇಲೆ ಏನೂ ಇಡುವುದಿಲ್ಲ, ಫೋನ್ ಕೂಡ ಎತ್ತುವುದಿಲ್ಲ. ಹಿಟ್ಟು ಒಣಗಿದರೆ ಕೆಲಸ ಕೆಟ್ಟ ಹಾಗೆ. ಹಚ್ಚಿದ ಮೇಲೆ ಪ್ಲಾಸ್ಟಿಕ್ ಕವರ್ ಸುತ್ತಿ ಎರಡು ಗಂಟೆ ಬಿಟ್ಟು, ಮತ್ತೆ ಬರೀ ನೀರಲ್ಲಿ ತೊಳೆಯುತ್ತೇನೆ.

ತೊಳೆದ ಕೂಡಲೇ ಕನ್ನಡಿ ನೋಡಿ ಹೆದರಬೇಡಿ. ಬಿಳಿ ಇದ್ದಲ್ಲಿ ಹಸಿರು ಮಿಶ್ರ ಬಣ್ಣ ಕಾಣುತ್ತದೆ. ಗಾಳಿಗೆ ಒಂದೆರಡು ದಿನದಲ್ಲಿ ಅದು ಕಡುವಾಗುತ್ತಾ ಬರುತ್ತದೆ. ಅದಕ್ಕೆ ನಾನು ಈ ಕೆಲಸ ಶನಿವಾರ ಮಧ್ಯಾಹ್ನ ಶುರು ಮಾಡುತ್ತೇನೆ, ಸೋಮವಾರ ಶಾಲೆಗೆ ಹೋಗುವಷ್ಟರಲ್ಲಿ ಕೂದಲು ಕಪ್ಪಾಗಿರುತ್ತದೆ. ಎರಡು ದಿನ ಶಾಂಪೂ ಮುಟ್ಟುವುದಿಲ್ಲ. ಇದ್ದಿಲಿನಂಥ ಕಪ್ಪು ಅಲ್ಲ. ಬಿಸಿಲಲ್ಲಿ ನಿಂತರೆ ಸ್ವಲ್ಪ ಕಂದು ಹೊಳಪು. ನನಗೆ ಅದೇ ಇಷ್ಟ, ಹುಟ್ಟಿನಿಂದ ಬಂದ ಬಣ್ಣದ ಹಾಗಿದೆ. ಪೂರಾ ಕಪ್ಪು ಬೇಡ ಎಂದರೆ ನೀಲಿ ಒಂದು ಗಂಟೆ ಮಾತ್ರ ಬಿಡಿ, ಕಂದಿನಲ್ಲೇ ನಿಲ್ಲುತ್ತದೆ.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹಾಗಾಗಿ ನಾಲ್ಕನೇ ವಾರಕ್ಕೆ ಬೈತಲೆಯಲ್ಲಿ ಬಿಳಿ ಗೆರೆ ಬಂದೇ ಬರುತ್ತದೆ. ಆಗ ಬುಡಕ್ಕೆ ಮಾತ್ರ ಹಚ್ಚುತ್ತೇನೆ. ಅರ್ಧ ದಿನದ ಕೆಲಸ ಇದು, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಶಿವಮೊಗ್ಗದ ಮಳೆಗಾಲದಲ್ಲಂತೂ ಕೂದಲು ಒಣಗುವುದೇ ಕಷ್ಟ. ಒದ್ದೆ ಮದರಂಗಿ ತಲೆಯ ಮೇಲೆ ಇದ್ದರೆ ಥಂಡಿ ಹಿಡಿಯುತ್ತದೆ. ಆಷಾಢದಲ್ಲಿ ಭಾನುವಾರ ಬೆಳಗ್ಗೆ ಬೇಗ ಎದ್ದು ಬಚ್ಚಲ ಒಲೆಯ ಹತ್ತಿರವೇ ಕೂತು ಮುಗಿಸುತ್ತೇನೆ.

ಪುಡಿ ಕೊಳ್ಳುವಾಗ ಮಾತ್ರ ದಯವಿಟ್ಟು ಹುಷಾರಾಗಿರಿ. ನನ್ನ ಕಣ್ಣು ಊದಿದ್ದು ಎಲೆಯ ಚಿತ್ರ ನಂಬಿ. ಶುದ್ಧ ಮದರಂಗಿ ಎಂದಿಗೂ ಕಪ್ಪು ಬಣ್ಣ ಕೊಡುವುದಿಲ್ಲ. ಬರೀ ಮದರಂಗಿ ಎಂದು ಹೇಳಿ ಅರ್ಧ ಗಂಟೆಯಲ್ಲಿ ಕಪ್ಪು ಮಾಡುತ್ತದೆ ಅಂದರೆ ಒಳಗೆ ಬೇರೆ ಏನೋ ಇದೆ ಎಂದೇ ತಿಳಿಯಿರಿ. ಶುದ್ಧ ಪುಡಿಗೆ ಒಣ ಸೊಪ್ಪಿನ ವಾಸನೆ ಇರುತ್ತದೆ. ರಾಜಸ್ಥಾನದ ಸೋಜತ್ ಕಡೆಯ ಮದರಂಗಿ ಹೆಸರುವಾಸಿ, ನಾನೂ ಅದನ್ನೇ ತರುತ್ತೇನೆ. ನೀಲಿ ಪುಡಿಯೂ ನೋಡಲು ಹಸಿರಾಗಿಯೇ ಇರಬೇಕು. ನೀಲಿ ಅಂತ ಹೆಸರಿದೆ ಎಂದು ನೀಲಿ ಬಣ್ಣದ್ದೋ ಕಪ್ಪು ಬಣ್ಣದ್ದೋ ಪುಡಿ ಕೊಟ್ಟರೆ ತರಬೇಡಿ. ಹಿಂಬದಿಯ ಸಣ್ಣ ಅಕ್ಷರ ಪೂರ್ತಿ ಓದಿ.

ಸೊಪ್ಪಿನ ಪುಡಿಯೇ ಆದರೂ ಮೊದಲು ಮೊಣಕೈ ಒಳಮಡಿಕೆಯಲ್ಲಿ ಚೂರು ಹಚ್ಚಿ ಎರಡು ದಿನ ನೋಡಿ. ನೀಲಿಯೂ ಕೆಲವರಿಗೆ ಒಗ್ಗುವುದಿಲ್ಲ. ಇನ್ನೊಂದು ಮಾತು. ಜಿ6ಪಿಡಿ ಕೊರತೆ ಎಂಬ ರಕ್ತದ ತೊಂದರೆ ಇರುವವರಿಗೆ ಮದರಂಗಿಯಿಂದ ರಕ್ತಕಣಗಳು ಒಡೆಯುವ ಅಪಾಯ ಇದೆ. ಮನೆಯಲ್ಲಿ ಯಾರಿಗಾದರೂ ಅದಿದ್ದರೆ ಮದರಂಗಿ ಮುಟ್ಟಬೇಡಿ. ಎಳೆ ಮಕ್ಕಳ ಕೈಗೆ ಹಚ್ಚುವಾಗಲೂ ಇದು ನೆನಪಿರಲಿ.

ಅಕ್ಕನ ಮಗನ ವಿಷಯವನ್ನೂ ಹೇಳಲೇಬೇಕು. ಅವನಿಗೆ 22. ತಲೆಯ ಮುಂಭಾಗ ಬೆಳ್ಳಗಾಗುತ್ತಿತ್ತು. “ಚಿಕ್ಕಮ್ಮ, ನನಗೂ ನಿಮ್ಮ ನೀಲಿ ಹಚ್ಚಿ” ಎಂದು ಬಂದ. ನಾನು ಹಚ್ಚಲಿಲ್ಲ. ನಮ್ಮ ಜನರಲ್ಲಿ 25ಕ್ಕಿಂತ ಮೊದಲೇ ಕೂದಲು ನೆರೆತರೆ ಅದನ್ನು ಅಕಾಲ ನೆರೆ ಎನ್ನುತ್ತಾರೆ. ವಂಶದಿಂದ ಬರುವುದೇ ಜಾಸ್ತಿ. ಆದರೆ ಬಿ12 ಕೊರತೆ, ಥೈರಾಯ್ಡ್, ಕಬ್ಬಿಣದ ಕೊರತೆ, ಸಿಗರೇಟು ಇವೂ ಕಾರಣ ಆಗಬಹುದು. ಮೊದಲು ರಕ್ತ ಪರೀಕ್ಷೆ ಮಾಡಿಸು ಅಂದೆ. ಬಿ12 ತುಂಬ ಕಡಿಮೆ ಇತ್ತು. ನಮ್ಮದು ಸಸ್ಯಾಹಾರದ ಮನೆ, ಅವನು ಹಾಸ್ಟೆಲ್ ಸೇರಿದ ಮೇಲೆ ಹಾಲು ಮೊಸರನ್ನೂ ಬಿಟ್ಟಿದ್ದ. ಡಾಕ್ಟರು ಇಂಜೆಕ್ಷನ್ ಕೊಟ್ಟರು. ಆರೇಳು ತಿಂಗಳಲ್ಲಿ ಹಣೆಯ ಹತ್ತಿರ ಕೆಲವು ಕೂದಲು ಬುಡದಲ್ಲಿ ಕಪ್ಪಗೆ ಬಂದವು, ತುದಿ ಇನ್ನೂ ಬಿಳಿ. ಎಲ್ಲರಿಗೂ ಹೀಗಾಗುವುದಿಲ್ಲ. ಅವನಿಗೂ ಎಲ್ಲ ಕೂದಲೂ ತಿರುಗಲಿಲ್ಲ. ಆದರೆ ಆ ದಿನ ಸುಮ್ನೆ ಬಣ್ಣ ಹಚ್ಚಿ ಕಳಿಸಿದ್ದರೆ ಕೊರತೆ ಗೊತ್ತೇ ಆಗುತ್ತಿರಲಿಲ್ಲ.

ಅಮ್ಮನಿಗೆ ಈಗ 78. ಅವಳ ತಲೆ ಪೂರ್ತಿ ಬೆಳ್ಳಿ. ನಿನಗೂ ಹಚ್ಚಲಾ ಎಂದರೆ “ನಂಗೆ ಎಂತಕ್ಕೆ, ಗೊಂಪು ಹಾಕಿ ತಿಕ್ಕು ಸಾಕು” ಅನ್ನುತ್ತಾಳೆ. ದಾಸವಾಳದ ಎಲೆ ನೀರಲ್ಲಿ ಹಿಸುಕಿ ಲೋಳೆ ತೆಗೆದು ಅವಳ ತಲೆ ತೊಳೆಯುತ್ತೇನೆ.

ಈ ವರ್ಷ ತಾರಸಿಯ ಕುಂಡದಲ್ಲಿ ಎರಡು ನೀಲಿ ಗಿಡ ಹಾಕಿದ್ದೇನೆ. ಚಿಕ್ಕ ಚಿಕ್ಕ ಎಲೆ, ಮೊನ್ನೆ ನಸುಗೆಂಪು ಹೂವು ಬಿಟ್ಟಿದೆ. ಒಂದು ರೆಂಬೆಯ ಎಲೆಗಳನ್ನು ಬಿಳಿ ಬಟ್ಟೆಯ ಮೇಲಿಟ್ಟು ಕಲ್ಲಿನಿಂದ ಜಜ್ಜಿದೆ. ಮೊದಲು ಬರೀ ಹಸಿರು ಕಲೆ ಇತ್ತು. ಸಂಜೆ ಬಟ್ಟೆ ತೆಗೆಯಲು ಹೋದಾಗ ಕಲೆಯ ಅಂಚಿನಲ್ಲಿ ನೀಲಿ ಮೂಡಿತ್ತು. ಒಂಬತ್ತನೇ ತರಗತಿಯ ಮಕ್ಕಳಿಗೆ ತೋರಿಸಲು ಅದನ್ನು ಮಡಚಿ ಬ್ಯಾಗಿನಲ್ಲಿಟ್ಟಿದ್ದೇನೆ.